ಅಜ್ಜಿ ಬಾಟಲಿ

ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ಹಿಪ್ಪುನೇರಳೆ ತೋಟ ಶುರುವಾಗುವ ಕಡೆ, ಬಾಗಿಲು ಮುಚ್ಚಿದ ರೇಷ್ಮೆ ಕಾರ್ಖಾನೆಯ ಒಂದು ಶೆಡ್ಡಿತ್ತು. ಅದಕ್ಕೆ ಸುಣ್ಣ ಬಳಿಸಿ, ಕಿಟಕಿಗೆ ಗಾಜು ಹಾಕಿಸಿ, ಹೊರಗೆ ‘ಚರ್ಮ ಸಂಶೋಧನಾ ಕೇಂದ್ರ’ ಎಂದು ಬೋರ್ಡು ತಗಲಿಸಿದವರು ಡಾಕ್ಟರ್ ಕೋದಂಡರಾಮಪ್ಪನವರು. ಬೋರ್ಡಿನಲ್ಲಿ ಅವರ ಪದವಿಗಳೇ ಅರ್ಧ ಜಾಗ ತಿಂದು, ಕೇಂದ್ರದ ಹೆಸರನ್ನು ಸಣ್ಣಕ್ಷರದಲ್ಲಿ ಬರೆಸಬೇಕಾಗಿ ಬಂದಿತ್ತು. ಮಾಲೂರು ಕಡೆಯವರು, ನಾಲ್ಕು ವರ್ಷ ಇಂಗ್ಲೆಂಡಿನಲ್ಲಿ ಓದಿ ಬಂದವರು. ಶ್ರೀನಿವಾಸಪುರದ ಮಾವಿನ ಮಂಡಿಯ ವೆಂಕಟರಾಯಪ್ಪನವರು ಒಂದು ಟ್ರಸ್ಟು ಮಾಡಿ ಶೆಡ್ಡನ್ನು ಅವರ ಕೈಗೆ ಕೊಟ್ಟಿದ್ದರು. ಮುಪ್ಪು ಬಾರದ ಹಾಗೆ ಮಾಡುತ್ತೇನೆ ಎಂದು ಯಾರಾದರೂ ಹೇಳಿದರೆ, ಎಪ್ಪತ್ತು ದಾಟಿದ ಸಾಹುಕಾರ ಶೆಡ್ಡೇನು, ವಾಸದ ಮನೆಯನ್ನೇ ಬಿಟ್ಟುಕೊಡುತ್ತಾನೆ.

ಶ್ಯಾಮಲಮ್ಮ ಅಲ್ಲಿ ಕೆಲಸಕ್ಕೆ ಸೇರಿದ್ದು ಎಪ್ಪತ್ತೊಂಬತ್ತನೇ ಇಸವಿಯಲ್ಲಿ. ಹೋಳೂರಿನವಳು, ಮೂವತ್ತೊಂದು ವರ್ಷದವಳು, ಬಿ.ಎಸ್ಸಿ. ಪಾಸಾದವಳು. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಸೇರಿದ ದಿನ ಡಾಕ್ಟರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಟೆಂಡರ್ ಸೊಣ್ಣಪ್ಪನ ಎದುರಿಗೇ, “ಕೈ ತೊಳ್ಕೊಂಡು ಬಾ. ಹುಳದ ಮನೆ ವಾಸನೆ ಇಲ್ಲೀತನಕ ಹೊಡೀತಿದೆ” ಅಂದರು. ತೊಳೆದು ಬಂದಳು. “ಇನ್ನೊಂದ್ಸಲ” ಅಂದರು. ಹೀಗೆ ಮೂರು ಸಲ ತೊಳೆಸಿದರು.

ಅವತ್ತೇ ಅವಳ ಹೊಟ್ಟೆಯೊಳಗೆ ದ್ವೇಷ ಹುಟ್ಟಿತು. ಹುಳದ ಮನೆ ಎಷ್ಟು ಚೊಕ್ಕಟವಾಗಿರಬೇಕು ಎನ್ನುವುದು ಹುಳ ಸಾಕಿದವರಿಗೇ ಗೊತ್ತು. ಅವಳ ಮನೆಯಲ್ಲಿ ಈರುಳ್ಳಿ ಹೆಚ್ಚಿದ ಕೈಯಲ್ಲಿ ಹುಳದ ತಟ್ಟೆ ಮುಟ್ಟುವ ಹಾಗಿರಲಿಲ್ಲ, ಬೀಡಿ ಸೇದಿ ಬಂದ ಗಂಡಸರು ಆ ಕೋಣೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ. ಅಂಥ ಮನೆಯ ಹೆಣ್ಣುಮಗಳಿಗೆ ಕೈ ತೊಳೆಯುವ ಪಾಠ ಹೇಳಿದ ಮಹಾನುಭಾವರು ಮಾತ್ರ ಸಿಗರೇಟು ಬಾಯಲ್ಲಿಟ್ಟುಕೊಂಡೇ ಮೈಕ್ರೋಸ್ಕೋಪಿಗೆ ಬಗ್ಗುತ್ತಿದ್ದರು.

ಅಲ್ಲಿನ ಕೆಲಸವೆಂದರೆ ಬಾಟಲಿಯಲ್ಲಿ ಚರ್ಮ ಬೆಳೆಸುವುದು. ಚರ್ಮದ ಒಂದು ಚೂರನ್ನು ಎಳ್ಳಿನಷ್ಟು ಸಣ್ಣಗೆ ಹೆಚ್ಚಿ, ಚಪ್ಪಟೆ ಗಾಜಿನ ಬಾಟಲಿಯ ತಳಕ್ಕೆ ಅಂಟಿಸಿ, ಮೇಲೆ ಗುಲಾಬಿ ಬಣ್ಣದ ಪೋಷಕ ದ್ರವ ಹಾಕಿ, ಮನುಷ್ಯರ ಮೈಯಷ್ಟೇ ಬಿಸಿಯಿರುವ ಕಾವು ಪೆಟ್ಟಿಗೆಯಲ್ಲಿ ಇಟ್ಟರೆ, ವಾರದೊಳಗೆ ಚೂರಿನ ಅಂಚಿನಿಂದ ಜೀವಕೋಶಗಳು ತೆವಳಿಕೊಂಡು ಹೊರಗೆ ಬರುತ್ತವೆ. ಒಡೆದು ಒಡೆದು ಹೆಚ್ಚುತ್ತವೆ. ಬಾಟಲಿ ತುಂಬಿದಾಗ ಅದನ್ನು ಎರಡು ಬಾಟಲಿಗೆ ಹಂಚಬೇಕು. ಒಂದು ಸಲ ಹಂಚಿದರೆ ಒಂದು ತಲೆಮಾರು. ಮಗುವಿನ ಚರ್ಮವಾದರೆ ಐವತ್ತು ತಲೆಮಾರು ನಡೆಯುತ್ತದೆ. ಮುದುಕರದಾದರೆ ಇಪ್ಪತ್ತು, ಹೆಚ್ಚೆಂದರೆ ಮೂವತ್ತು. ಆಮೇಲೆ ಜೀವಕೋಶಗಳು ದಪ್ಪಗಾಗಿ, ಹರಡಿಕೊಂಡು, ಒಡೆಯುವುದನ್ನೇ ನಿಲ್ಲಿಸಿ ಮಲಗಿಬಿಡುತ್ತವೆ. ಏನು ಹಾಕಿದರೂ ಏಳುವುದಿಲ್ಲ. ಲೋಕಕ್ಕೆಲ್ಲ ಗೊತ್ತಿದ್ದ ಈ ಸಂಗತಿಯನ್ನು ಸುಳ್ಳು ಮಾಡಬೇಕೆಂಬುದೇ ಡಾಕ್ಟರ ಹಟ.

ಕಾವು ಪೆಟ್ಟಿಗೆಯಲ್ಲಿ ಎರಡು ಬಗೆಯ ಬಾಟಲಿಗಳಿದ್ದವು. ಟೇಕಲ್ಲಿನ ಎಂಬತ್ತು ವರ್ಷದ ದೊಡ್ಡಮುನಿಯಮ್ಮ ಎಂಬಾಕೆಗೆ ಕಾಲಿನ ಆಪರೇಷನ್ ಆದಾಗ ಕೇಳಿ ತಂದ ಚರ್ಮ ಒಂದರಲ್ಲಿ. ಆ ಬಾಟಲಿಗಳಿಗೆ ‘ಅಜ್ಜಿ’ ಎಂದು ಚೀಟಿ. ಸುನ್ನತ್ ಮಾಡುವ ಬುಡನ್ ಸಾಬ್, ಮನೆಯವರನ್ನು ಒಪ್ಪಿಸಿ ಕಳಿಸಿದ ಗಂಡು ಮಗುವಿನ ಚರ್ಮ ಇನ್ನೊಂದರಲ್ಲಿ. ಅವಕ್ಕೆ ‘ಮಗು’ ಎಂದು ಚೀಟಿ. ಮೂರು ದಿನಕ್ಕೊಮ್ಮೆ ದ್ರವ ಬದಲಾಯಿಸುವುದು, ಹಂಚುವುದು, ಔಷಧದ ಹನಿ ಹಾಕುವುದು, ಕರೆಂಟು ಹೋದಾಗ ಬಿಸಿನೀರಿನ ಚೀಲ ಇಟ್ಟು ಕಾವು ಕಾಪಾಡುವುದು, ಎಲ್ಲವೂ ಶ್ಯಾಮಲಮ್ಮನ ಪಾಲು. ಸೋಮವಾರ ಸೋಮವಾರ ಮೈಕ್ರೋಸ್ಕೋಪಿನಲ್ಲಿ ನೋಡಿ ಹೂಂ ಅನ್ನುವುದು ಡಾಕ್ಟರ ಪಾಲು.

ಔಷಧವೆಂದರೆ ರೇಷ್ಮೆ ಹುಳದ ರಸ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಪ್ರತಿ ಜ್ವರ ಬಿಟ್ಟಾಗಲೂ ಹೊಸ ಚರ್ಮ. ಕೊನೆಗೆ ಗೂಡಿನೊಳಗೆ ಹಳೇ ಮೈಯನ್ನೇ ಕರಗಿಸಿ ಹೊಸ ಮೈ ಕಟ್ಟುತ್ತದೆ. ಹಾಗಾದರೆ ಅದರೊಳಗೆ ಮುಪ್ಪನ್ನು ಕರಗಿಸುವ ಏನೋ ಒಂದು ಇರಲೇಬೇಕು ಎಂದು ಡಾಕ್ಟರ ತರ್ಕ. ಕೇಳಲಿಕ್ಕೆ ಚೆನ್ನಾಗಿಯೇ ಇತ್ತು. ನೂಲು ತೆಗೆದಾದ ಮೇಲೆ ಉಳಿಯುವ ಗೂಡಿನ ಹುಳವನ್ನು ಅರೆದು, ಸೋಸಿ, ಏನೇನೋ ಬೆರೆಸಿ ಒಂದು ಕಂದು ರಸ ಮಾಡಿದ್ದರು. ಆ ರಸ ಒಮ್ಮೆ ಶ್ಯಾಮಲಮ್ಮನ ಬೆರಳಿನ ಬಿರುಕಿಗೆ ಒಂದು ತೊಟ್ಟು ತಾಗಿ, ಅಲ್ಲಿನ ಮಾಂಸ ಬೆಳ್ಳಗಾಗಿ, ವಾಸಿಯಾಗಲು ಒಂದು ತಿಂಗಳು ಹಿಡಿಯಿತು. ಡಾಕ್ಟರಿಗೆ ತೋರಿಸಿದಾಗ, “ಕೊಳಕು ಕೈ ಇಟ್ಕೊಂಡು ಕೆಲ್ಸ ಮಾಡಿದ್ರೆ ಇನ್ನೇನಾಗುತ್ತೆ” ಅಂದರು.

ಗೂಡಿನ ಹುಳವನ್ನು ಬುಟ್ಟಿಯಲ್ಲಿ ಹೊತ್ತು ತರುತ್ತಿದ್ದವಳು ಬಷೀರಾ. ಮುಳಬಾಗಿಲಿನಿಂದ ಕೋಲಾರಕ್ಕೆ ಬಂದ ಸೊಸೆ, ಗಂಡ ತೀರಿಕೊಂಡಿದ್ದ, ನಾಲ್ಕು ವರ್ಷದ ಒಬ್ಬಳು ಮಗಳು. ಹನ್ನೆರಡನೇ ವಯಸ್ಸಿನಿಂದ ನೂಲು ಬಿಚ್ಚುವ ಬಾಣಲೆಯ ಮುಂದೆ ಕೂತವಳು. ಕುದಿಯುವ ನೀರಿನಲ್ಲಿ ತೇಲುವ ಗೂಡಿನ ಎಳೆಯ ತುದಿಯನ್ನು ಬೆರಳಿನಿಂದಲೇ ಹುಡುಕಿ ಹಿಡಿಯುವ ಕೆಲಸ ಅದು. ಹದಿನಾರು ವರ್ಷ ಬೆಂದ ಆ ಕೈಗಳು ಇಪ್ಪತ್ತೆಂಟಕ್ಕೇ ಎಪ್ಪತ್ತರ ಕೈಗಳಾಗಿದ್ದವು. ಬಿಳಿಚಿಕೊಂಡು, ಗೆಣ್ಣು ಗೆಣ್ಣಿಗೂ ಸೀಳಿ, ಬೆರಳ ತುದಿಗೆ ಸ್ಪರ್ಶವೇ ಇರಲಿಲ್ಲ. ಎಳೆ ಸಿಗದೆ ಹೋದಾಗ ಯಜಮಾನ ಬಾಣಲೆಯಿಂದ ಎಬ್ಬಿಸಿ ಬುಟ್ಟಿ ಹೊರಿಸಿದ.

ಬುಟ್ಟಿ ಇಳಿಸಿ ಇಬ್ಬರೂ ಶೆಡ್ಡಿನ ಹಿಂದೆ ಕೂತು ಟೀ ಕುಡಿಯುತ್ತಿದ್ದರು. ಬಷೀರಾ ಲೋಟವನ್ನು ಎರಡು ಅಂಗೈ ನಡುವೆ ಇಟ್ಟುಕೊಂಡು ಹೇಳುತ್ತಿದ್ದಳು: “ಮಗ್ಳ ಕೆನ್ನೆ ಮುಟ್ಟಿದ್ರೆ ಮುಖ ತಿರುಗಿಸ್ಕೊಂತಾಳೆ ಅಕ್ಕಾ. ಚುಚ್ಚುತ್ತೆ ಅಮ್ಮೀ ಅಂತಾಳೆ.” ಶ್ಯಾಮಲಮ್ಮ ಡಾಕ್ಟರನ್ನು ಬೈದು ಹೊಟ್ಟೆ ಹಗುರ ಮಾಡಿಕೊಳ್ಳುತ್ತಿದ್ದಳು. “ಈಯಪ್ಪ ಒಂದಿನ ಬೋರಲು ಬೀಳೋದನ್ನ ನೋಡ್ಬೇಕು ಕಣೇ ಬಷೀರಾ. ಅದಕ್ಕೇ ಇನ್ನೂ ಇಲ್ಲಿ ಇದೀನಿ” ಅನ್ನುತ್ತಿದ್ದಳು. ಎರಡು ವರ್ಷ ಟೀ ಜೊತೆ ಇದೇ ಮಾತು.

ಎಂಬತ್ತೊಂದರ ಜೂನಿನಲ್ಲಿ ಡಾಕ್ಟರು ಹತ್ತು ದಿನ ಬೊಂಬಾಯಿಗೆ ಹೋದರು. ಹೋಗುವಾಗ ಹೇಳಿದರು: “ಅಜ್ಜಿ ಬಾಟ್ಲಿ ನಾಲ್ಕಕ್ಕೂ ದಿನಾ ರಸ ಹಾಕು. ಬಂದಾಗ ಸತ್ತಿದ್ರೆ ರಸದ ತಪ್ಪಲ್ಲ, ನಿನ್ನ ಕೈ ತಪ್ಪು. ಗಂಟುಮೂಟೆ ಕಟ್ಕೊಂಡು ಹೋಳೂರಿಗೆ ಹೋಗ್ಬಹುದು.”

ಹೇಳಿದಂತೆ ಹಾಕಿದಳು. ಮೊದಲೇ ಮುದಿಯಾಗಿದ್ದ ಆ ಜೀವಕೋಶಗಳು ನಾಲ್ಕನೇ ದಿನಕ್ಕೆ ಗಾಜು ಬಿಟ್ಟು ಎದ್ದು, ಉಂಡೆಯಾಗಿ ತೇಲಿದವು. ಹೋಲಿಸಿ ನೋಡಲೆಂದು ರಸ ಹಾಕದೆ ಬಿಟ್ಟಿದ್ದ ಐದನೇ ಅಜ್ಜಿ ಬಾಟಲಿ ಮಾತ್ರ ಮಲಗಿದ್ದಲ್ಲೇ ಜೀವ ಹಿಡಿದುಕೊಂಡಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಮುಪ್ಪು ಕಳೆಯುವ ರಸ ಜೀವವನ್ನೇ ಕಳೆಯುತ್ತಿತ್ತು.

ಅವಳಿಗೆ ಹೋಳೂರಿಗೆ ಹಿಂದಿರುಗಿ ಅಣ್ಣಂದಿರ ಮನೆಯ ಮೂಲೆಯಲ್ಲಿ ಕೂರುವುದನ್ನು ನೆನೆದು ಹೆದರಿಕೆಯಾಯಿತು. ಆಗ ಅವಳ ಕೈ ಮಾಡಿದ್ದು ಹುಳದ ಮನೆಯ ಕೆಲಸ. ಸುಣ್ಣಕಟ್ಟು ರೋಗವೋ ಹಾಲುತೊಂಡೆಯೋ ಬಂದು ಒಂದು ತಟ್ಟೆ ಬರಿದಾದರೆ ಅವಳ ತಾಯಿ ಮುನಿಗಂಗಮ್ಮ ಸತ್ತ ಹುಳ ತೆಗೆದು ಸುಟ್ಟು, ತಟ್ಟೆ ತೊಳೆದು ಬಿಸಿಲಿಗಿಟ್ಟು, ಪಕ್ಕದ ಮನೆಯಿಂದ ಅಷ್ಟೇ ಜ್ವರ ದಾಟಿದ ಹುಳ ಒಂದು ಹಿಡಿ ತಂದು ಬಿಡುತ್ತಿದ್ದಳು. “ತಟ್ಟೆ ಖಾಲಿ ಬಿಡಬಾರ್ದು, ಖಾಲಿ ತಟ್ಟೆ ಮಿಕ್ಕಿದ್ದನ್ನೂ ಕರೀತದೆ” ಅನ್ನುವುದು ಆಕೆಯ ಮಾತು. ಊರಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಅದನ್ನು ಯಾರೂ ಮೋಸ ಅನ್ನುತ್ತಿರಲಿಲ್ಲ. ಗೂಡಾದ ಮೇಲೆ ಎಲ್ಲ ಒಂದೇ ರಾಶಿಗೆ ತಾನೇ ಹೋಗುವುದು? ಶ್ಯಾಮಲಮ್ಮ ಸತ್ತ ಜೀವಕೋಶಗಳನ್ನು ಚೆಲ್ಲಿ, ಬಾಟಲಿ ತೊಳೆದು, ಮಗು ಬಾಟಲಿಯಿಂದ ಒಂದು ಪಾಲು ತೆಗೆದು ನಾಲ್ಕಕ್ಕೂ ಹಂಚಿದಳು. ರಸ ಹಾಕಲಿಲ್ಲ. ಹಾಕಿದೆ ಎಂದು ಚೀಟಿಯಲ್ಲಿ ಬರೆದಳು. ಹುಳ ಸಾಕಿದವರ ಮನೆಯವಳಲ್ಲದೆ ಇನ್ಯಾರಿಗೂ ಈ ಉಪಾಯ ಹೊಳೆಯುತ್ತಿರಲಿಲ್ಲ, ಹೊಳೆಯದಿದ್ದರೆ ಒಳ್ಳೆಯದಿತ್ತು.

ಡಾಕ್ಟರು ಬಂದರು. ಮೈಕ್ರೋಸ್ಕೋಪಿಗೆ ಬಗ್ಗಿದವರು ಕಾಲು ಗಂಟೆ ತಲೆ ಎತ್ತಲಿಲ್ಲ. ಬಾಯಲ್ಲಿದ್ದ ಸಿಗರೇಟಿನ ಬೂದಿ ಉದ್ದವಾಗಿ ಮೇಜಿನ ಮೇಲೆ ಬಿತ್ತು. ಎಂಬತ್ತು ವರ್ಷದ ಮುದುಕಿಯ ಚರ್ಮ ಸಣ್ಣಗೆ, ಒತ್ತೊತ್ತಾಗಿ, ಎಳೇ ಮಗುವಿನ ಚರ್ಮದ ಹಾಗೆ ಒಡೆದು ಬೆಳೆಯುತ್ತಿತ್ತು. ಬೆಳೆಯದೆ ಏನು ಮಾಡುತ್ತದೆ?

ಶ್ಯಾಮಲಮ್ಮ ಹೇಳಲೆಂದೇ ಹತ್ತಿರ ಹೋದಳು. ಇದು ಸತ್ಯ. “ಸಾರ್, ಆ ಬಾಟ್ಲಿ...” ಎಂದು ಬಾಯಿ ತೆರೆದಳು.

“ಬೆಳಕಿಗೆ ಅಡ್ಡ ನಿಂತಿದೀಯ” ಅಂದರು ಡಾಕ್ಟರು. “ಹೋಗಿ ಗಾಜು ತೊಳಿ. ಇದೆಲ್ಲ ನಿನಗೆ ಅರ್ಥ ಆಗೋ ವಿಷಯ ಅಲ್ಲ.”

ಸೊಣ್ಣಪ್ಪ ನಕ್ಕ. ನಕ್ಕಿದ್ದು ಅಭ್ಯಾಸ ಬಲದಿಂದ, ಕೆಟ್ಟವನಲ್ಲ ಅವನು. ಆದರೆ ಆ ನಗೆ ಬೆಂಕಿಗೆ ತುಪ್ಪ ಸುರಿದಂತಾಯಿತು. ಸರಿ, ಕುಣಿ, ಎಷ್ಟು ಎತ್ತರಕ್ಕೆ ಹಾರುತ್ತೀಯೋ ಹಾರು, ಅಷ್ಟು ಎತ್ತರದಿಂದ ಬೀಳುತ್ತೀಯ ಎಂದುಕೊಂಡು ಅವಳು ಗಾಜು ತೊಳೆಯಲು ಹೋದಳು. ಅಕ್ಟೋಬರಿನಲ್ಲಿ ಡಾಕ್ಟರು ಮೊದಲೇ ತೆಗೆದಿರಿಸಿದ್ದ ಅಜ್ಜಿಯ ಚರ್ಮದಿಂದ ಹೊಸ ಬಾಟಲಿಗಳನ್ನು ಮಾಡಿಸಿ ಇನ್ನೊಮ್ಮೆ ಪರೀಕ್ಷೆ ಮಾಡಿಸಿದಾಗ ಅವಳು ಇನ್ನೊಮ್ಮೆ ಅದನ್ನೇ ಮಾಡಿದಳು. ಮೊದಲ ಸಲ ಮಾಡಿದ್ದು ಹೆದರಿಕೆ, ಹುಳದ ಮನೆಯ ಅಭ್ಯಾಸ. ಎರಡನೇ ಸಲ ಮಾಡಿದ್ದು ಹಗೆ. ಇದನ್ನು ಅವಳ ಪರ ವಹಿಸಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ವೆಂಕಟರಾಯಪ್ಪನವರು ಕೇಳಿದ ತಕ್ಷಣ ನಂಬಿದರು, ಟ್ರಸ್ಟಿನ ಉಳಿದ ಮೂವರು ಮುದುಕರೂ ನಂಬಿದರು. ಪತ್ರಿಕೆಯೊಂದರಲ್ಲಿ ಡಾಕ್ಟರ ಫೋಟೋ ಬಂತು. ಡಿಸೆಂಬರಿನ ಒಂದು ಸೋಮವಾರ ಟ್ರಸ್ಟಿನವರ ಎದುರಿಗೆ ಮನುಷ್ಯರ ಚರ್ಮಕ್ಕೆ ರಸ ಚುಚ್ಚುವುದೆಂದು ತೀರ್ಮಾನವಾಯಿತು. ಯಾರ ಚರ್ಮಕ್ಕೆ? ಡಾಕ್ಟರು ಹೊರಗೆ ಬಂದು, ಬುಟ್ಟಿ ಇಳಿಸುತ್ತಿದ್ದ ಬಷೀರಾಳ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. “ಇದು” ಅಂದರು.

ಶ್ಯಾಮಲಮ್ಮ ಅದನ್ನು ಕಿಟಕಿಯಿಂದ ನೋಡಿದಳು. ಡಾಕ್ಟರು ಬೀಳುತ್ತಾರೆ ಎಂದು ಲೆಕ್ಕ ಹಾಕಿದ್ದಳೇ ಹೊರತು, ಬೀಳುವಾಗ ಯಾರ ಮೇಲೆ ಬೀಳುತ್ತಾರೆ ಎಂದು ಯೋಚಿಸಿರಲಿಲ್ಲ. ಒಂದು ತೊಟ್ಟಿಗೆ ಅವಳ ಬೆರಳಿನ ಮಾಂಸ ಬೆಳ್ಳಗಾಗಿತ್ತು. ಬಷೀರಾಳ ಎರಡು ಕೈಗೂ ಸೂಜಿಯಲ್ಲಿ ಒಳಗೇ ಇಳಿಸುತ್ತಾರೆ.

ಶನಿವಾರ ಮಧ್ಯಾಹ್ನ ಅವಳು ಡಾಕ್ಟರ ಮೇಜಿನ ಮುಂದೆ ಹೋಗಿ ನಿಂತಳು. ಕೈಯಲ್ಲಿ ಬಣ್ಣ ಹಾಕಿದ ಒಂದು ಗಾಜಿನ ಸ್ಲೈಡಿತ್ತು.

“ಸಾರ್, ಅಜ್ಜಿ ಬಾಟ್ಲೀಲಿ ಇರೋದು ಅಜ್ಜಿ ಅಲ್ಲ. ಅಜ್ಜಿ ಜೂನಲ್ಲೇ ಸತ್ತೋಯ್ತು. ರಸ ಹಾಕಿದ ನಾಕನೇ ದಿನಕ್ಕೆ. ನಾನು ಮಗು ಬಾಟ್ಲಿಯಿಂದ ತೆಗ್ದು ಹಾಕಿದೀನಿ. ಅಕ್ಟೋಬರಲ್ಲೂ ಹಾಕಿದೀನಿ.”

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ನಿಧಾನವಾಗಿ ಕೇಳಿದರು: “ಈ ಕತೆ ಎಷ್ಟು ದಿನದಿಂದ ಕಟ್ತಾ ಇದೀಯ?”

“ಕತೆ ಅಲ್ಲ ಸಾರ್. ನಿಮ್ಮ ಬೀರೂಲಿರೋ ಪುಸ್ತಕದಲ್ಲೇ ಇದೆ. ಹೆಣ್ಣಿನ ಜೀವಕೋಶಕ್ಕೆ ಬಣ್ಣ ಹಾಕಿದ್ರೆ ನಡುವಿನ ಬೀಜದ ಅಂಚಿಗೆ ಒಂದು ಕಪ್ಪು ಚುಕ್ಕೆ ಕಾಣುತ್ತೆ. ಗಂಡಿಗೆ ಆ ಚುಕ್ಕೆ ಇರಲ್ಲ. ಅಜ್ಜಿ ಬಾಟ್ಲೀದು ಬಣ್ಣ ಹಾಕಿ ತಂದಿದೀನಿ. ಒಂದು ಚುಕ್ಕೇನೂ ಇಲ್ಲ. ಅದು ಗಂಡು ಮಗು ಸಾರ್. ನೀವೇ ನೋಡಿ.”

ಸ್ಲೈಡನ್ನು ಮೇಜಿನ ಮೇಲೆ ಇಟ್ಟಳು. ಮೈಕ್ರೋಸ್ಕೋಪು ಒಂದು ಮೊಳ ದೂರದಲ್ಲಿತ್ತು. ಡಾಕ್ಟರು ಸ್ಲೈಡನ್ನು ನೋಡಿದರು, ಮೈಕ್ರೋಸ್ಕೋಪನ್ನು ನೋಡಿದರು. ಆಮೇಲೆ ಎದ್ದು ಮೈಕ್ರೋಸ್ಕೋಪಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ಅದರ ದಾರ ಬಿಗಿದು ಕಟ್ಟಿದರು. 

“ಪೇಪರಲ್ಲಿ ನಿನ್ನ ಹೆಸರು ಬರ್ಲಿಲ್ಲ ಅಂತ ಹೊಟ್ಟೆಕಿಚ್ಚು” ಅಂದರು. “ಸೋಮವಾರದಿಂದ ಬರಬೇಡ. ಈ ಮಾತು ಹೊರಗೆ ಆಡಿದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ.”

“ಕೊಡಿ ಸಾರ್. ಬಷೀರಾ ಕೈ ಮಾತ್ರ ಬಿಟ್ಬಿಡಿ. ಮೊಲದ ಮೇಲಾದ್ರೂ ಮೊದ್ಲು ನೋಡಿ.”

“ಆಚೆ ನಡಿ.”

ಬಾಗಿಲ ಹೊರಗೆ ಸೊಣ್ಣಪ್ಪ ನಿಂತಿದ್ದ, ಎಲ್ಲವನ್ನೂ ಕೇಳಿಸಿಕೊಂಡಿದ್ದ. ರಾಯಲ್ಪಾಡಿನವನು, ಮನಸ್ಸಿಗೆ ಕಷ್ಟವಾದರೆ ತೆಲುಗು ಬರುತ್ತಿತ್ತು. “ಎಂದುಕಮ್ಮಾ ನೀಕು ಇದಂತಾ” ಎಂದು ಗೊಣಗಿ ದಾರಿ ಬಿಟ್ಟ. ನಿನಗೆ ಯಾಕಮ್ಮ ಇದೆಲ್ಲ ಎಂದು ಅವನು ಕೇಳಿದ್ದು. ಶ್ಯಾಮಲಮ್ಮ ಹೊರಗೆ ನಡೆದಳು.

ಭಾನುವಾರ ಬಷೀರಾಳ ಮನೆಗೆ ಹೋದಳು. ಬಷೀರಾ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೊಸ್ತಿಲಲ್ಲಿ ಕೂತಿದ್ದಳು. ಮಾರನೇ ದಿನ ದೊಡ್ಡವರೆಲ್ಲ ನೋಡುವ ಕೈ ಎಂದು ಉಗುರಿಗೆ ಗೋರಂಟಿ ಕೂಡ ಹಾಕಿದ್ದಳು. ಶ್ಯಾಮಲಮ್ಮ ಒಂದೂ ಬಿಡದೆ ಹೇಳಿದಳು. ಬಷೀರಾ ಪೂರ್ತಿ ಕೇಳಿದಳು. ಕೇಳುತ್ತಾ ಕೇಳುತ್ತಾ ಅವಳ ಮುಖ ಗಟ್ಟಿಯಾಯಿತು.

“ಆರು ತಿಂಗ್ಳಿಂದ ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ನನ್ ಜೊತೆ ದಿನಾ ಟೀ ಕುಡಿದೆ. ಒಂದಿನ ಹೇಳ್ಲಿಲ್ಲ.”

“ತಪ್ಪಾಯ್ತು ಬಷೀರಾ. ಆವಾಗ ನಿನ್ ಕೈ ಮಾತು ಬಂದಿರ್ಲಿಲ್ಲ.”

“ಈಗ ಬಂತು. ಈಗ ನನ್ ಕೈ ಒಳ್ಳೇದಾಗೋ ಟೈಮ್ ಬಂತು, ಈಗ ನೀನು ಸುಳ್ಳು ಅಂತ ಹೇಳ್ಕೊಂಡು ಬಂದೆ. ಅವ್ರು ಬೀಳೋದನ್ನ ನೋಡ್ಬೇಕು ಅಂತ ನೀನೇ ಅಂತಿದ್ದೆ. ಎರಡು ವರ್ಷ ಅದೇ ಮಾತು. ನನ್ ಕೈ ಸರಿಹೋದ್ರೆ ಅವ್ರು ಗೆಲ್ತಾರೆ, ಅದು ನಿಂಗೆ ಆಗ್ತಿಲ್ಲ.”

“ಅಲ್ಲ ಕಣೇ. ಆ ರಸ ಮಾಂಸ ಸಾಯಿಸ್ತದೆ. ನಾನು ಕಣ್ಣಾರೆ ನೋಡಿದೀನಿ.”

“ಅಷ್ಟು ದಿನ ಕೈಯಲ್ಲಿ ಸುಳ್ಳು ಮಾಡಿದೋಳು ನೀನು. ಇವತ್ತು ನಿನ್ ಬಾಯಿ ಮಾತ್ರ ನಿಜ ಹೇಳುತ್ತೆ ಅಂತ ಹೆಂಗೆ ನಂಬ್ಲಿ?” ಬಷೀರಾ ಎದ್ದಳು. “ಹೋಗು. ನನ್ ಮನೆ ಹತ್ರ ಬರಬೇಡ.”

ಒಳಗಿನಿಂದ ಪುಟ್ಟ ಹುಡುಗಿ ಅಮ್ಮೀ ಎಂದು ಕೂಗಿತು. ಬಷೀರಾ ಬಾಗಿಲು ಹಾಕಿಕೊಂಡಳು. ಶ್ಯಾಮಲಮ್ಮ ಬೀದಿಯಲ್ಲಿ ನಿಂತು ಯೋಚಿಸಿದಳು. ಬಷೀರಾ ಆಡಿದ್ದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಸೋಮವಾರ ಹತ್ತು ಗಂಟೆಗೆ ಸೊಣ್ಣಪ್ಪ ಹಿಂದಿನ ಬಾಗಿಲು ತೆಗೆದಿಟ್ಟಿದ್ದ. ಮರೆತು ಬಿಟ್ಟೆ ಎಂದು ಆಮೇಲೆ ಹೇಳಿದ. ಒಳಗೆ ನಾಲ್ಕು ಕುರ್ಚಿಯಲ್ಲಿ ಟ್ರಸ್ಟಿನ ನಾಲ್ವರು ಮುದುಕರು, ನಡುವೆ ಶಾಲು ಹೊದ್ದ ವೆಂಕಟರಾಯಪ್ಪನವರು. ಮೇಜಿನ ಮೇಲೆ ಬಿಳೀ ಬಟ್ಟೆ ಹಾಸಿ ಬಷೀರಾಳ ಎರಡು ಕೈಗಳನ್ನು ಇರಿಸಿದ್ದರು. ಪಕ್ಕದಲ್ಲಿ ರಸದ ಬಾಟಲಿ, ಖಾಲಿ ಸಿರಿಂಜು. ಇಷ್ಟು ದಿನ ಮಾಡಿದ ರಸವೆಲ್ಲ ಆ ಒಂದೇ ಬಾಟಲಿಯಲ್ಲಿತ್ತು.

ಶ್ಯಾಮಲಮ್ಮ ಸೀದಾ ಮೇಜಿನ ಹತ್ತಿರ ಹೋದಳು. “ಸಾಹುಕಾರ್ರೇ, ಈ ರಸ ವಿಷ. ಬಾಟ್ಲೀಲಿ ಬೆಳೆದಿದ್ದು ಮುದುಕಿ ಚರ್ಮ ಅಲ್ಲ, ನಾನು ಹಾಕಿದ್ದು” ಅಂದಳು.

“ಯಾರಪ್ಪಾ ಈಯಮ್ಮ?” ಎಂದು ವೆಂಕಟರಾಯಪ್ಪನವರು ಡಾಕ್ಟರನ್ನು ಕೇಳಿದರು.

“ಬಾಟ್ಲಿ ತೊಳೆಯೋಳು. ಕೆಲಸದಿಂದ ತೆಗೆದಿದೀನಿ, ಅದಕ್ಕೆ ಬಾಯಿಗೆ ಬಂದಿದ್ದು ಹೇಳ್ತಾಳೆ. ಸೊಣ್ಣಪ್ಪಾ, ಇವಳನ್ನ ಹೊರಗೆ ಹಾಕು.”

ಸೊಣ್ಣಪ್ಪ ಅಲುಗಾಡಲಿಲ್ಲ. ಶ್ಯಾಮಲಮ್ಮ ರವಿಕೆಯ ತೋಳು ಮೇಲಕ್ಕೆ ಸರಿಸಿ ತನ್ನ ಕೈಯನ್ನು ಬಿಳೀ ಬಟ್ಟೆಯ ಮೇಲೆ ಬಷೀರಾಳ ಕೈಗಳ ಪಕ್ಕ ಇಟ್ಟಳು. “ಹಂಗಾದ್ರೆ ಮೊದ್ಲು ನಂಗೆ ಚುಚ್ಚಿ. ನಾಕು ದಿನ ಕಾಯಿರಿ. ನಂಗೇನೂ ಆಗದಿದ್ರೆ ಆಮೇಲೆ ಅವಳಿಗೆ ಚುಚ್ಚಿ. ನಾಕು ದಿನದಲ್ಲಿ ಏನೂ ಮುಳುಗಿ ಹೋಗಲ್ಲ.”

ವೆಂಕಟರಾಯಪ್ಪನವರು ಗಡ್ಡ ಕೆರೆದುಕೊಂಡರು. ಮಂಡಿಯಲ್ಲಿ ಕೂತು ಮಾತಿನ ತೂಕ ನೋಡಿ ಪಳಗಿದವರು. ನ್ಯಾಯವಾಗೇ ಕೇಳ್ತಾಳಲ್ಲ ಎನ್ನಲು ಬಾಯಿ ತೆರೆದಿದ್ದರೋ ಏನೋ. ಅಷ್ಟರಲ್ಲಿ ಬಷೀರಾ, “ನೋಡಿದ್ರಾ?” ಅಂದಳು. “ಔಷ್ದಿ ತನಗೆ ಮೊದ್ಲು ಬೇಕಂತೆ. ವಿಷ ಆಗಿದ್ರೆ ಯಾರಾದ್ರೂ ಕೈ ಚಾಚ್ತಾರಾ? ನಂಗೆ ಹಾಕಿ ಡಾಕ್ಟ್ರೇ. ನಂದು ಮೊದ್ಲಿಂದ ಮಾತಾಗಿದೆ.”

ಮುದುಕರು ನಕ್ಕರು. ಡಾಕ್ಟರು ಸಿರಿಂಜು ಕೈಗೆತ್ತಿಕೊಂಡರು. ಶ್ಯಾಮಲಮ್ಮ ರಸದ ಬಾಟಲಿಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದಳು.

ಗಾಜು ಚೂರಾಯಿತು. ಕಂದು ರಸ ಸಿಮೆಂಟಿನ ಮೇಲೆ ಹರಡಿ, ಸತ್ತ ಹುಳದ ನಾತ ಕೋಣೆ ತುಂಬಿತು.  ಮೊದಲು ಅಲ್ಲಾಡಿದವಳು ಬಷೀರಾ. ಕುರ್ಚಿಯಿಂದ ಜಾರಿ ಮೊಣಕಾಲೂರಿ, ಹರಿಯುತ್ತಿದ್ದ ರಸಕ್ಕೆ, ಗಾಜಿನ ಚೂರುಗಳ ನಡುವೆಯೇ, ಎರಡೂ ಕೈ ಚಾಚಿದಳು. ನೆಲದ ಮೇಲಿಂದ ಬಳಿದು ಕೈಗೆ ಹಚ್ಚಿಕೊಳ್ಳಲು.

ಶ್ಯಾಮಲಮ್ಮ ಅವಳ ಮೇಲೆ ಬಿದ್ದು ಎರಡೂ ಮಣಿಕಟ್ಟು ಹಿಡಿದುಕೊಂಡಳು. ಬಷೀರಾ ಒದ್ದಳು, ಭುಜ ಕಚ್ಚಿದಳು, ಹದಿನಾರು ವರ್ಷ ದುಡಿದ ತೋಳು ಅದು, ಸುಲಭಕ್ಕೆ ಮಣಿಯುವಂಥದ್ದಲ್ಲ. ಬೆರಳುಗಳು ರಸದಿಂದ ಒಂದು ಗೇಣು ಮೇಲೆ ಆಡುತ್ತಿದ್ದವು.

“ಸೊಣ್ಣಪ್ಪಾ, ಫಿನಾಯಿಲ್ ತಗೊಂಡ್ಬಂದು ಈ ರಸದ ಮೇಲೆ ಸುರಿ” ಎಂದು ಶ್ಯಾಮಲಮ್ಮ ಕೂಗಿದಳು. ಸೊಣ್ಣಪ್ಪ ಹಿತ್ತಿಲಿಗೆ ಓಡಿದ.

ಆಗ ಅವಳು ತಲೆ ಎತ್ತಿ ಡಾಕ್ಟರನ್ನು ನೋಡಿದಳು. ಕೋಪದಿಂದ ಕುದಿಯುತ್ತಿರುತ್ತಾರೆ ಎಂದುಕೊಂಡಿದ್ದಳು. ಅವರ ಮುಖದಲ್ಲಿ ಕೋಪವಿರಲಿಲ್ಲ. ಎರಡು ದಿನದಿಂದ ಹೊತ್ತುಕೊಂಡಿದ್ದ ಮೂಟೆಯನ್ನು ಯಾರೋ ಬಂದು ಇಳಿಸಿಕೊಂಡರೆ ಹೇಗಿರುತ್ತದೋ ಹಾಗಿತ್ತು. “ನೋಡಿದ್ರಲ್ಲ ಸಾಹುಕಾರ್ರೇ” ಎಂದು ಮೆಲ್ಲಗೆ ಹೇಳಿದರು. “ಎರಡು ವರ್ಷದ ಕೆಲಸ. ಬಾಟ್ಲಿಗಳಿಗೂ ಏನು ಹಾಕಿದಾಳೋ ದೇವರೇ ಬಲ್ಲ. ಇನ್ನು ಯಾವುದನ್ನೂ ಇಟ್ಕೊಳ್ಳೋ ಹಾಗಿಲ್ಲ.” ಹೀಗೆನ್ನುತ್ತಾ ಕಾವು ಪೆಟ್ಟಿಗೆಯ ಬಾಗಿಲು ತೆಗೆದು, ಒಂದು ಅಜ್ಜಿ ಬಾಟಲಿ ಎತ್ತಿ, ಮುಚ್ಚಳ ಬಿಚ್ಚಿ, ಗುಲಾಬಿ ದ್ರವವನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟರು. ಆಮೇಲೆ ಇನ್ನೊಂದು.

ಶನಿವಾರವೇ ಈ ಮನುಷ್ಯ ನಂಬಿದ್ದ ಎಂದು ಶ್ಯಾಮಲಮ್ಮನಿಗೆ ಆಗ ಗೊತ್ತಾಯಿತು. ನಂಬಿಯೂ ಬಷೀರಾಳ ಕೈ ಬಟ್ಟೆಯ ಮೇಲೆ ಇರಿಸಿದ್ದ. ಇನ್ನು ಜೀವಮಾನವಿಡೀ ಹೇಳಿಕೊಂಡು ತಿರುಗುತ್ತಾನೆ: ಮುಪ್ಪಿಗೆ ಮದ್ದು ಕಂಡುಹಿಡಿದಿದ್ದೆ, ಹೊಟ್ಟೆಕಿಚ್ಚಿನ ಒಬ್ಬಳು ಒಡೆದು ಹಾಕಿದಳು ಎಂದು. ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ಸ್ಲೈಡು ಶನಿವಾರವೇ ಡಾಕ್ಟರ ಕೈ ಸೇರಿತ್ತು, ಅವಳ ಮಾತಿಗೆ ಇನ್ನು ಸಾಕ್ಷಿ ಎಂದಿದ್ದರೆ ಆ ಬಾಟಲಿಗಳು ಮಾತ್ರ. ಒಂದು ಉಳಿದರೆ ಸಾಕು, ಬೇರೆ ಯಾವ ಊರಿನ ಡಾಕ್ಟರಾದರೂ ನೋಡಿ, ಇದು ಮುದುಕಿಯಲ್ಲ, ಗಂಡು ಮಗು ಎಂದು ಬರೆದುಕೊಡುತ್ತಾನೆ. ಕಾವು ಪೆಟ್ಟಿಗೆ ಆರು ಹೆಜ್ಜೆ ದೂರದಲ್ಲಿತ್ತು. ಒಳಗೆ ಇನ್ನೂ ಎರಡು ಅಜ್ಜಿ ಬಾಟಲಿ ಕಾಣುತ್ತಿದ್ದವು. ಎದ್ದು ಓಡಿದರೆ ಒಂದಾದರೂ ಸಿಗುತ್ತಿತ್ತು. ಎರಡೂವರೆ ವರ್ಷ ಅವಳು ಕಾದದ್ದು ಇದಕ್ಕೇ.

ಅವಳ ಹಿಡಿತ ಸಡಿಲವಾಯಿತು. ಸಡಿಲವಾದದ್ದೇ ತಡ ಬಷೀರಾಳ ಕೈ ರಸದ ಕಡೆಗೆ ನುಗ್ಗಿತು. ಸೀಳಿದ ಬೆರಳುಗಳು, ಉಗುರಿನ ಮೇಲೆ ಗೋರಂಟಿಯ ಕೆಂಪು.

ಶ್ಯಾಮಲಮ್ಮ ಮತ್ತೆ ಬಿಗಿಯಾಗಿ ಹಿಡಿದುಕೊಂಡಳು. ಮೂರನೇ ಬಾಟಲಿ ಸಿಂಕಿಗೆ ಬಿದ್ದ ಸದ್ದು ಕೇಳಿತು. ನಾಲ್ಕನೆಯದರ ಸದ್ದೂ ಕೇಳಿತು. ನಲ್ಲಿಯ ನೀರು ಹರಿಯುತ್ತಲೇ ಇತ್ತು.

“ನನ್ ಕೈ ತಿಂದೆಯಲ್ಲೇ” ಎಂದು ಬಷೀರಾ ಅಳುತ್ತಾ ಕೂಗಿದಳು. “ನನ್ ಮಗು ಕೆನ್ನೆ ಮುಟ್ಟೋ ಹಂಗೆ ಆಗ್ತಿತ್ತು. ಅದನ್ನೂ ತಿಂದೆಯಲ್ಲೇ.” ಹೀಗೆಂದು ಶ್ಯಾಮಲಮ್ಮನ ಮುಖಕ್ಕೆ ಉಗಿದಳು. ಉಗುಳು ಕಣ್ಣಿನ ಕೆಳಗಿನಿಂದ ಕೆನ್ನೆಗೆ ಇಳಿಯಿತು. ಒರೆಸಿಕೊಳ್ಳಬೇಕಾದರೆ ಒಂದು ಕೈ ಬಿಡಬೇಕಿತ್ತು. ಸೊಣ್ಣಪ್ಪ ಇನ್ನೂ ಬಂದಿರಲಿಲ್ಲ. ಶ್ಯಾಮಲಮ್ಮ ಬಿಡಲಿಲ್ಲ.